ಮ್ಯಾನೇಜರರ ಕಾಲಡಿಯ ಕೇಬಲ್

ನೆಲದಡಿಯ ಕರೆಂಟ್ ಕೇಬಲ್ ಹುಡುಕುವ ಅಗ್ಗದ ಯಂತ್ರವನ್ನು ನಂಬಿ ಅಗೆದು ನನ್ನ ಗಂಡ ಸತ್ತ. ಕಂಪನಿ ಅವನ ಮೇಲ್ವಿಚಾರಕನ ಕುರ್ಚಿಯನ್ನು ನನಗೆ ಕೊಟ್ಟಿತು. ಆರೇ ತಿಂಗಳಿಗೆ ಮ್ಯಾನೇಜರ್ ಮತ್ತೆ ಅದೇ ಯಂತ್ರ ತರಿಸಲು ಹೊರಟರು.

"ಸೈನ್ ಹಾಕಮ್ಮ. ಯಂತ್ರ ಚೆನ್ನಾಗೇ ಇದೆ, ನಿಮ್ಮೆಜಮಾನ್ರಿಗೇ ಅವಸರ," ಎಂದರು, ಹಲ್ಲಿಗೆ ಕಡ್ಡಿ ಆಡಿಸುತ್ತ.

ನಾನು ಸಹಿ ಹಾಕದೆ ದುಬಾರಿ ಯಂತ್ರದವನನ್ನೂ ಕರೆಸಿದೆ. ಹಿತ್ತಲಿನ ಖಾಲಿ ಜಾಗದಲ್ಲಿ ಮಧ್ಯಾಹ್ನ ಪರೀಕ್ಷೆ. ಅಲ್ಲಿ ಬಂಡೆಯವರೆಗೂ ಅಗೆದು ನೋಡಿದ್ದೆವು, ಏನೂ ಇರಲಿಲ್ಲ. ಅಗ್ಗದ್ದು ಸುಮ್ಮನಿತ್ತು. ದುಬಾರಿಯದು ಮ್ಯಾನೇಜರರ ಕಾಲಡಿಯಲ್ಲಿ ಕೂಗಿತು: ಆಳ ಮೂರಡಿ.

"ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್," ಎಂದ ಯಂತ್ರ ತಂದವನು. ಬಂದರು. ಕೂಗು ಅವರ ಜೊತೆಗೇ ಬಂತು.

"ಏನಯ್ಯ, ನನ್ನನ್ನೇ ಮೂಸ್ತಿದೆ ನಿನ್ನ ಡಬ್ಬ!" ಎಂದು ನಗುತ್ತ ಅವರು ಎರಡನೇ ಮಹಡಿಯ ತಮ್ಮ ಕೋಣೆ ಸೇರಿದರು. ಯಂತ್ರ ಹಿಡಿದು ನಾನೂ ಹತ್ತಿದೆ. ಅಲ್ಲಿನ ನೆಲ ಅರ್ಧ ಅಡಿಗಿಂತ ದಪ್ಪವಿಲ್ಲ. ಅವರ ಬೂಟಿನ ಪಕ್ಕ ಹಿಡಿದರೆ ಆಗಲೂ ಮೂರಡಿ ತೋರಿಸಿತು. ನೆಲ ಬೆಚ್ಚಗಿತ್ತು.

ಅವರು ಕಾಲೆರಡನ್ನೂ ಕುರ್ಚಿಯ ಮೇಲೆ ಎತ್ತಿಕೊಂಡು ದುಬಾರಿ ಯಂತ್ರಕ್ಕೆ ಸಹಿ ಹಾಕಿದರು. ಅಗೆಯುವವರ ಪ್ರಾಣಕ್ಕಾಗಿ ಅಲ್ಲ, ತಮ್ಮ ಬೂಟಿಗಾಗಿ.

ಯಂತ್ರವನ್ನು ವಾರಕ್ಕೊಮ್ಮೆ ಪರೀಕ್ಷಿಸುವುದು ಈಗ ನನ್ನ ಕೆಲಸ. ಬೇರೆಲ್ಲ ಕಡೆ ಅದು ಸರಿಯಾಗಿಯೇ ಇದೆ. ಅವರ ಕುರ್ಚಿಯಡಿ ಮಾತ್ರ, ಈ ಸೋಮವಾರ, ಆಳ ಒಂದಡಿ ಇತ್ತು. ಅವರಿಗೆ ಹೇಳಿಲ್ಲ.