ಫ್ಲಾವಿಯಾಳ ಸರದಿ

ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ. ಇದು ಸೋಮವಾರಪೇಟೆಯ ನಮ್ಮ ಮನೆಯಲ್ಲೇ ನಡೆದದ್ದು.

ಸಂಜೆಯ ಜಪಸರದಲ್ಲಿ ಒಬ್ಬರು ‘ನಮೋ ಮರಿಯಾ’ ಎಂದು ಶುರುಮಾಡಿದರೆ ಉಳಿದರ್ಧವನ್ನು ಮಿಕ್ಕವರು ಹೇಳಬೇಕು. ಜಪಸರದ ಐದು ಭಾಗಗಳಿಗೆ ರಹಸ್ಯಗಳೆನ್ನುತ್ತೇವೆ; ನಾಲ್ಕನೆಯ ರಹಸ್ಯ ಯಾವಾಗಲೂ ನಮ್ಮ ಮಗಳು ಫ್ಲಾವಿಯಾಳ ಸರದಿ. ಕೆಮ್ಮಿ ಕೆಮ್ಮಿ, ಜ್ವರ ಏರಿ ಅವಳು ಹೋದ ಮೇಲೆ ನಾನು ಜಪಸರ ಮುಟ್ಟಿರಲಿಲ್ಲ. ದೇವರ ಮೇಲೆ ಅಷ್ಟು ಸಿಟ್ಟು.

ಆ ಸಂಜೆ ಗಂಡ ಸಿರಿಲ್ ಬಲವಂತ ಮಾಡಿದ್ದಕ್ಕೆ ಕೂತೆ. ನಾಲ್ಕನೆಯದು ಬಂದಾಗ ಇಬ್ಬರೂ ಅವಳ ಜಾಗದ ಕಡೆ ನೋಡಿದೆವು.

“ಅವ್ಳಿಗೇ ಬಿಡೋಣ. ನಾವು ಉತ್ತರ ಮಾತ್ರ ಹೇಳೋಣ,” ಎಂದರು ಸಿರಿಲ್.

ಮೌನಕ್ಕೆ ಉತ್ತರ ಹೇಳುತ್ತಾ ಹೋದೆವು. ಗಾಳಿಯೇ ಇರಲಿಲ್ಲ, ಆದರೂ ಮೇಣದಬತ್ತಿಯ ಉರಿ ಅವಳು ಕೂರುತ್ತಿದ್ದ ಚಾಪೆಯ ಕಡೆಗೇ ಬಾಗಿತ್ತು. ಕೈಯಿಟ್ಟು ನೋಡಿದೆ. ಖಾಲಿ ಚಾಪೆ ಬೆಚ್ಚಗಿತ್ತು.

ಮರುದಿನ, ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ರಂಜಿತಾ ಬೇಲಿಯಾಚೆಯಿಂದ ಕೇಳಿದಳು: “ನಿಮ್ ಮಗಳು ಎಷ್ಟ್ ಚೆನ್ನಾಗಿ ಪ್ರಾರ್ಥನೆ ಹೇಳ್ತಾಳಕ್ಕಾ! ಪಾಪ, ಆ ಕೆಮ್ಮಿಗೆ ಔಷಧಿ ಕೊಡ್ಸಿದ್ರಾ?”

ನಿಜ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.

ಈಗ ದಿನವೂ ನಾಲ್ಕನೆಯದನ್ನು ಅವಳಿಗೇ ಬಿಟ್ಟು ಉತ್ತರ ಹೇಳುತ್ತೇವೆ. ದೇವರ ಹತ್ತಿರ ಜಗಳ ಬಿಟ್ಟಿದ್ದೇನೆ. ರಂಜಿತಾಳಿಗೆ ದಿನವೂ ಕೇಳಿಸುತ್ತದೆ. ಕೆಮ್ಮು ಪೂರ್ತಿ ನಿಂತಿದೆಯಂತೆ. ಹೆತ್ತ ನನಗೆ ಮಾತ್ರ ಇವತ್ತಿನವರೆಗೂ ಒಂದಕ್ಷರ ಕೇಳಿಸಿಲ್ಲ.