ಕಜ್ಜಾಯ ಸುಟ್ಟ ಮನೆ

ದಿನಾಂಕ 12-06-2025ರ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಹೆಮ್ಮರಗಾಲದ ಮಾದಪ್ಪ ಠಾಣೆಗೆ ಬಂದ. ಸಬ್ ಇನ್‌ಸ್ಪೆಕ್ಟರ್ ಮಧುಶ್ರೀ ಕುರ್ಚಿ ತೋರಿಸಿದರೂ ಕೂರಲಿಲ್ಲ. ನೀರಾವರಿ ಜಮೀನು, ಕೊಟ್ಟಿಗೆ ತುಂಬ ಸೀಮೆಹಸು, ಡೇರಿ ಸಂಘದಲ್ಲಿ ಎರಡು ಸಲ ಡೈರೆಕ್ಟರ್ ಆಗಿದ್ದ ಗತ್ತು. ಆ ಗತ್ತನ್ನು ಎಲ್ಲಿ ಇಡಬೇಕೋ ತಿಳಿಯದೆ ಟವೆಲನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸುತ್ತಿದ್ದ.

"ಮಗ್ಳು ಓಗವ್ಳೆ ಮೇಡಂ. ಕಾಲೇಜ್ಗೆ ಅಂತ ನಂಜನಗೂಡ್ಗೆ ಓದೋಳು ವಾಪಸ್ ಬರ್ನೇ ಇಲ್ಲ."

"ಎಷ್ಟು ದಿನ ಆಯ್ತು?"

"ಹತ್ತು."

"ಹತ್ತು ದಿನ ಏನ್ ಮಾಡ್ತಿದ್ರಿ?"

"ಮಾನ ಕಾಯ್ತಿದ್ದೆ."

ಈ ಉತ್ತರ ಮಧುಶ್ರೀಗೆ ಹೊಸದಲ್ಲ. ಕಳೆದುಹೋದ ಹಸುವಿಗೆ ಅರ್ಧ ದಿನದಲ್ಲಿ ದೂರು ಕೊಡುವ ಜನ, ಮಗಳ ವಿಷಯಕ್ಕೆ ವಾರಗಟ್ಟಲೆ ಬಾಯಿ ಬಿಗಿದುಕೊಂಡಿರುವುದನ್ನು ಅವಳು ಸರ್ವಿಸಿಗೆ ಬಂದಾಗಿನಿಂದ ನೋಡಿದ್ದಳು.

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನ್ ಬಂತು, ಊರ್ಗೇ ಗೊತ್ತು. ದೇವನೂರಿನ ಜಗನ್. ಗೂಡ್ಸ್ ಆಟೊ ಓಡಿಸ್ತನೆ, ನಮ್ ಡೇರಿಗೆ ಫೀಡ್ ಮೂಟೆ ತಂದಾಕ್ತಿದ್ದ. ಅವ್ರ ಜನ ನೋಡುದ್ರೆ..." ಎಂದವನು ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಚೆಲುವಯ್ಯನ ಮುಖ ನೋಡಿ ಮುಂದಿನ ಮಾತು ನುಂಗಿಕೊಂಡ. ಚೆಲುವಯ್ಯ ತಲೆ ಎತ್ತಲಿಲ್ಲ. ನುಂಗಿಕೊಂಡ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದ.

"ಕೈಗ್ ಸಿಕ್ರೆ ಇಬ್ರುನೂ ಕಡ್ದಾಕ್ಬುಡ್ತೀನಿ. ಬರ್ಕಳಿ."

"ಅದನ್ನೂ ಬರೀಬೇಕಾ?" ಎಂದು ಚೆಲುವಯ್ಯ ಕೇಳಿದ.

"ಬರ್ಕಳಿ ಅಂದ್ನಲ್ಲ."

ಬರೆದುಕೊಂಡರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರಕಾರ ಹುಡುಗಿ ವಾಣಿಗೆ ಹದಿನೇಳು ತುಂಬಿತ್ತು, ಬರುವ ಜನವರಿಗೆ ಹದಿನೆಂಟು. ಜಗನ್‌ಗೆ ಇಪ್ಪತ್ತು. ಅಪ್ರಾಪ್ತೆಯ ಅಪಹರಣವೆಂದು ಎಫ್ಐಆರ್ ದಾಖಲಾಯಿತು.

ಇಬ್ಬರ ಮೊಬೈಲೂ ಸ್ವಿಚ್ ಆಫ್. ಕೊನೆಯ ಟವರ್ ನಂಜನಗೂಡು ಬಸ್ ನಿಲ್ದಾಣದ್ದು, ಅಲ್ಲಿಂದ ಮುಂದಕ್ಕೆ ಗಾಳಿ. ದೇವನೂರಿಗೆ ಹೋದರೆ ಜಗನ್ ತಾಯಿ ಪುಟ್ಟಮಾದಮ್ಮ ಬಾಗಿಲಲ್ಲೇ ನಿಂತು, "ಅವುನ್ ಸಿಕ್ರೆ ನಂಗೂ ಏಳಿ, ನಾಕ್ ಬುಡ್ಬೇಕು" ಎಂದಳು. ಮಧ್ಯಾಹ್ನದ ಹೊತ್ತಿಗೆ ಮಧುಶ್ರೀ, ಮಹಿಳಾ ಪೇದೆ ಮಹದೇವಮ್ಮನನ್ನು ಕರೆದುಕೊಂಡು ಹುಡುಗಿಯ ತಾಯಿಯ ಹೇಳಿಕೆ ಪಡೆಯಲು ಹೆಮ್ಮರಗಾಲಕ್ಕೆ ಹೋದಳು.

ವೆಂಕಟಮ್ಮ ಮಿತಭಾಷಿ. ಕೇಳಿದ್ದಕ್ಕೆಲ್ಲ ಗೊತ್ತಿಲ್ಲ ಎಂದಳು. ಸೆರಗಿನಲ್ಲಿ ಕಣ್ಣು ಒರೆಸಿದಳು. ಎಲ್ಲ ಸರಿಯಾಗೇ ಇತ್ತು, ಒಂದು ವಾಸನೆ ಬಿಟ್ಟು. ಅಡುಗೆಮನೆಯಿಂದ ಕಾದ ಎಣ್ಣೆ, ಬೆಲ್ಲ, ಏಲಕ್ಕಿ. ಯಾರೋ ಕಜ್ಜಾಯ ಸುಟ್ಟಿದ್ದರು.

ಮಧುಶ್ರೀ ಹುಣಸೂರಿನ ಕಡೆಯ ಹಳ್ಳಿಯವಳು. ಚಿಕ್ಕಪ್ಪ ಮನೆ ಬಿಟ್ಟು ಹೋದಾಗ ಅವನು ವಾಪಸ್ ಬರುವ ತನಕ ಅಜ್ಜಿ ಒಲೆಯ ಮೇಲೆ ಬಾಂಡಲೆ ಇಟ್ಟಿರಲಿಲ್ಲ, ಒಂದು ಹಪ್ಪಳ ಕೂಡ ಕರಿದಿರಲಿಲ್ಲ. ಸಂಕಟದ ಮನೆಯಲ್ಲಿ ಎಣ್ಣೆ ಕಾಯಿಸುವುದಿಲ್ಲ. ಹಾಗಾದರೆ ಈ ಮನೆಯಲ್ಲಿ ಸಂಕಟವಿದ್ದದ್ದು ಗಂಡನಿಗೆ ಮಾತ್ರ. ಮಗಳು ಎಲ್ಲಿದ್ದಾಳೆಂದು ಹೆಂಡತಿಗೆ ಗೊತ್ತು. ಅಷ್ಟೇ ಅಲ್ಲ, ಬಯಕೆಯಾದದ್ದನ್ನು ತಾಯಿ ಮಾಡಿಕೊಂಡು ಹೋಗಿ ಕೊಡಬೇಕಾದಂಥ ಸ್ಥಿತಿಯಲ್ಲಿ ಮಗಳಿದ್ದಾಳೆ. ಅದನ್ನು ಯೋಚಿಸಿದಾಗ ಮಧುಶ್ರೀಗೆ ಮೊದಲ ಸಲ ಈ ಕೇಸು ಬೇಡವೆನಿಸಿತು.

ಮಾರನೆಯ ದಿನ ವೆಂಕಟಮ್ಮ ನಂಜುಂಡೇಶ್ವರನಿಗೆ ಹರಕೆ ಎಂದು ಗಂಡನಿಗೆ ಹೇಳಿ ಹೊರಟಳು. ನಂಜನಗೂಡಿನಲ್ಲಿ ಇಳಿದವಳು ದೇವಸ್ಥಾನದ ಕಡೆ ತಿರುಗಿಯೂ ನೋಡದೆ ತಿ. ನರಸೀಪುರದ ಬಸ್ಸು ಹತ್ತಿದಳು. ಹಿಂದಿನ ಸೀಟಿನಲ್ಲಿ ಮಫ್ತಿಯಲ್ಲಿ ಮಹದೇವಮ್ಮ ಕೂತಿದ್ದಳು. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜಗನ್‌ನ ಅಕ್ಕ ರಂಜಿನಿಯ ಮನೆ. ಗಾರ್ಮೆಂಟ್ಸ್ ಕೆಲಸದವಳು, ಗಂಡ ಇಲ್ಲ. ಮಧುಶ್ರೀ ಸೀರೆಯುಟ್ಟು, ಇಬ್ಬರು ಪಂಚರನ್ನು ಕರೆದುಕೊಂಡು ಅಲ್ಲಿಗೆ ತಲುಪಿದಾಗ ಹನ್ನೆರಡು ಗಂಟೆ.

ಬಾಗಿಲು ತೆಗೆದವಳು ವಾಣಿಯೇ. ಐದು ತಿಂಗಳ ಹೊಟ್ಟೆ. ಕೊರಳಲ್ಲಿ ಅರಿಶಿನ ದಾರ. ಕೈಯಲ್ಲಿ ಅರ್ಧ ತಿಂದ ಕಜ್ಜಾಯ.

"ಪೊಲೀಸ್ರಾ?" ಎಂದಳು. ಕಜ್ಜಾಯವನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡಳು, ಅಪರಾಧವೆಲ್ಲ ಅದರಲ್ಲೇ ಇದೆ ಎಂಬಂತೆ.

ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಚಾಪೆ, ಚಾಪೆಯ ಮೇಲೆ ವೆಂಕಟಮ್ಮ. ಆ ಕೇರಿಯ ಮನೆಗಳಲ್ಲಿ ನೀರು ಕುಡಿಯದ ವಂಶದ ಹೆಂಗಸು ತಟ್ಟೆ ಮುಂದಿಟ್ಟುಕೊಂಡು ಊಟ ಮಾಡುತ್ತಿದ್ದಳು. ಪೊಲೀಸರನ್ನು ಕಂಡು ಕೈ ತೊಳೆದು ಎದ್ದಳು. ಹೆದರಿಕೆ ಇರಲಿಲ್ಲ. ಬದಲಿಗೆ ಒಂದು ಹುರುಪಿತ್ತು.

"ಏನೂ ಆಗಿಲ್ಲ ಮೇಡಂ, ಮದ್ವೆ ಆಗೋಗದೆ. ನಾನೇ ನಿಂತ್ಕಂಡ್ ಮಾಡ್ಸಿವ್ನಿ."

"ವೆಂಕಟಮ್ಮ, ಸ್ವಲ್ಪ ಸುಮ್ನಿರಿ."

"ಸುಮ್ಕೆ ಯಾಕಿರ್ಲಿ? ಕಳ್ತನದ್ ಮದ್ವೆ ಅಲ್ಲ. ದಾರಕ್ಕೆ ಅರಿಸಿನದ್ ಕೊಂಬು ಕಟ್ಕೊಟ್ಟೋಳೂ ನಾನೇ. ಐನೋರ್ನ ಕರುದ್ರೆ ವಯಸ್ ಕೇಳ್ತಾರೆ ಅಂತ ಆ ಪಟದ ಮುಂದೇನೇ ಕಟ್ಟುಸ್ದೆ. ಫೋಟಾ ಅವೆ, ತೋರುಸ್ಲಾ?"

ಪಂಚರಿಬ್ಬರೂ ಕಿವಿ ನಿಮಿರಿಸಿ ನಿಂತಿದ್ದರು. ವೆಂಕಟಮ್ಮ ರಂಜಿನಿಯ ಮೊಬೈಲ್ ಇಸಿದುಕೊಂಡು ಒಂದೊಂದೇ ಫೋಟೊ ತೋರಿಸತೊಡಗಿದಳು. ಮದುವೆಯಾಯಿತೆಂದರೆ ಅಪಹರಣದ ಕೇಸು ಬಿದ್ದುಹೋಗುತ್ತದೆ, ಪೊಲೀಸರು ಅಕ್ಷತೆ ಹಾಕಿ ಹೋಗುತ್ತಾರೆ ಎಂಬುದು ಅವಳ ಲೆಕ್ಕ. ಅವಳದೊಬ್ಬಳದೇ ಅಲ್ಲ, ಸೀಮೆಯ ಜನರೆಲ್ಲರ ಲೆಕ್ಕವೂ ಅದೇ. ಹದಿನೆಂಟು ತುಂಬದವಳ ಕೊರಳಿಗೆ ಬಿದ್ದ ದಾರವೇ ಇನ್ನೊಂದು ಅಪರಾಧ, ಕಟ್ಟಿಸಿದವಳು ಎರಡನೇ ಆರೋಪಿ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಮಧುಶ್ರೀ ಎರಡು ಸಲ ಸುಮ್ಮನಿರಿ ಎಂದಳು. ಅದಕ್ಕಿಂತ ಹೆಚ್ಚು ಹೇಳುವ ಅಧಿಕಾರ ಅವಳಿಗಿರಲಿಲ್ಲ.

ಪಂಚನಾಮೆ ಮುಗಿಯಿತು. ಮೊಬೈಲ್ ಜಪ್ತಿಯಾಯಿತು. ಸಂಜೆ ಆಟೊ ನಿಲ್ಲಿಸಿ ಕಬ್ಬಿಣದ ಟಾನಿಕ್ ಬಾಟಲಿ ಹಿಡಿದು ಬಂದ ಜಗನ್ ಪೊಲೀಸರನ್ನು ನೋಡಿ ಓಡಲಿಲ್ಲ.

"ಹುಡುಗಿಗೆ ಎಷ್ಟು ವಯಸ್ಸು ಅಂತ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ."

"ಮತ್ತೆ?"

ಜಗನ್ ಬಾಟಲಿಯನ್ನು ಅಕ್ಕನ ಕೈಗೆ ಕೊಟ್ಟು ಜೀಪು ಹತ್ತಿದ. ಪೋಕ್ಸೊ ಸೇರಿತು, ಬಾಲ್ಯವಿವಾಹ ನಿಷೇಧ ಕಾಯ್ದೆ ಸೇರಿತು. ಮರುದಿನವೇ ಅವನು ನ್ಯಾಯಾಂಗ ಬಂಧನಕ್ಕೆ ಹೋದ.

ವೈದ್ಯರು ವಾಣಿಗೆ ರಕ್ತ ಕಡಿಮೆ, ವಯಸ್ಸೂ ಕಡಿಮೆ, ಹೆರಿಗೆ ಸುಲಭವಲ್ಲ ಎಂದರು. ಮಗು ಬೇಕೇ ಎಂದು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರು. ಬೇಕು ಎಂದಳು. ಮಧುಶ್ರೀಗೆ ಅವಳ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಈ ಹುಡುಗಿಯನ್ನು ಯಾರಾದರೂ ಮೊದಲೇ ಪಕ್ಕಕ್ಕೆ ಕೂರಿಸಿಕೊಂಡು ನಾಲ್ಕು ಮಾತು ಬಿಡಿಸಿ ಹೇಳಬೇಕಿತ್ತು. ಹೇಳುವ ವಯಸ್ಸಿನವರೆಲ್ಲ ಮಾನ ಕಾಯುತ್ತಿದ್ದರು.

"ನಂದು ಒಂದೇ ಆಸೆ ಮೇಡಂ," ಎಂದಳು ವಾಣಿ. "ಹೆರಿಗೆ ಟೈಮಲ್ಲಿ ಅಮ್ಮ ನನ್ ಹತ್ರ ಇರ್ಬೇಕು. ನಂಗೆ ಭಯ ಆಗುತ್ತೆ."

"ನೋಡೋಣ" ಎಂದಳು ಮಧುಶ್ರೀ. ಪೊಲೀಸರು ಆಡುವ ಮಾತುಗಳಲ್ಲಿ ಅತಿ ಹೆಚ್ಚು ಸವೆದ ಮಾತು ಅದು.

ಮಕ್ಕಳ ಕಲ್ಯಾಣ ಸಮಿತಿಯ ಎದುರಿಗೆ ಮಾದಪ್ಪನೂ ಬಂದಿದ್ದ. ಮಗಳ ಹೊಟ್ಟೆಯನ್ನು ಅಲ್ಲೇ ಮೊದಲ ಸಲ ನೋಡಿದ. ಬಯ್ಯಲು ಬಂದವನು ಬೈಗುಳವನ್ನೇ ಮರೆತು, "ಉಂಡಾ?" ಎಂದ. ವಾಣಿ ಅಳತೊಡಗಿದಳು. ಆಮೇಲೆ ಅವನು ಮಧುಶ್ರೀಯ ಹಿಂದೆ ಬಿದ್ದ.

"ಕೇಸ್ ವಾಪಸ್ ತಕ್ಕತೀನಿ ಮೇಡಂ. ಜಾತಿಗೀತಿ ಎಲ್ಲ ಆಯ್ತು ಬುಡಿ. ಈಗ್ ಯಾರ್ ನೋಡ್ತಾರೆ ಅದ್ನ? ನಮ್ ಅಣ್ಣನ್ ಸೊಸೇನೂ ಬೇರೆ ಜನಾನೇ. ಕಂಪ್ಲೇಂಟ್ ಕೊಟ್ಟೋನು ನಾನು, ನಾನೇ ಬ್ಯಾಡ ಅಂತಿವ್ನಿ."

"ಈ ಕೇಸು ನಿಮ್ಮದಲ್ಲ ಮಾದಪ್ಪನವರೇ. ಸರ್ಕಾರದ್ದು. ವಾಪಸ್ ಬರಲ್ಲ."

"ಅಂಗಾದ್ರೆ ಮಗ್ಳನ್ನಾದ್ರೂ ಮನೆಗ್ ಕಳ್ಸಿ."

ಅದೂ ಆಗಲಿಲ್ಲ. ತಾಯಿ ಆರೋಪಿ. ತಂದೆ, ಕಡಿದುಹಾಕುತ್ತೇನೆಂದು ತಾನೇ ಹೇಳಿ ಬರೆಸಿದವನು. ಅಂಥ ಮನೆಗೆ ಅಪ್ರಾಪ್ತ ಗರ್ಭಿಣಿಯನ್ನು ಹೇಗೆ ಕಳಿಸುವುದೆಂದು ಸಮಿತಿ ಕೇಳಿತು. ತಪ್ಪು ಕೇಳಿತೆಂದು ಯಾರೂ ಹೇಳುವಂತಿರಲಿಲ್ಲ. ವಾಣಿಯನ್ನು ಮೈಸೂರಿನ ಬಾಲಮಂದಿರಕ್ಕೆ ಕಳಿಸಿದರು. "ಸಿಟ್ನಲ್ ಅಂದ್ ಮಾತು ಕಣಮ್ಮ ಅದು, ಅಪ್ಪದೀರು ಅನ್ನಲ್ವಾ?" ಎಂದು ಮಾದಪ್ಪ ಸಮಿತಿಯ ಹೆಂಗಸರಿಗೆ ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಕಾರಿಡಾರಿನ ತುದಿಯ ತನಕ ನಡೆದ.

ಎರಡನೇ ಆರೋಪಿಯ ಬಂಧನವನ್ನು ಮಧುಶ್ರೀ ನಾಲ್ಕು ದಿನ ತಳ್ಳಿದಳು. ನೋಟಿಸ್ ಕೊಟ್ಟು ಬಿಡಬಹುದೇ ಎಂದು ಮೇಲಧಿಕಾರಿಗಳನ್ನು ಕೇಳಿದಳು. ಪ್ರಚೋದನೆಯ ಕಲಂ ಪೋಕ್ಸೊ ಅಡಿಯಲ್ಲಿದೆ, ಫೋಟೊ ಸಾಕ್ಷ್ಯವಿದೆ, ನಾಳೆ ನಮ್ಮನ್ನೇ ಪ್ರಶ್ನೆ ಮಾಡುತ್ತಾರೆ ಎಂದರು. 18ನೇ ತಾರೀಖು ಬೆಳಿಗ್ಗೆ ಹೆಮ್ಮರಗಾಲಕ್ಕೆ ಜೀಪು ಹೋಯಿತು. ವೆಂಕಟಮ್ಮ ಹಸುಗಳಿಗೆ ಹುಲ್ಲು ಹಾಕಿ, ಕೈಕಾಲು ತೊಳೆದು, ಬೇರೆ ಸೀರೆ ಉಟ್ಟು ಬಂದಳು. ಬಂಧನದ ಕಾರಣವನ್ನು ಓದಿ ಹೇಳಿದರು. ಹೆಬ್ಬೆಟ್ಟು ಒತ್ತಿದಳು. ಮಾದಪ್ಪ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ.

"ಮೇಡಂ, ಮೊದ್ಲ ಹೆರಿಗೆ ಕಣ್ರೀ," ಎಂದ. "ಬಾಣಂತನ ಯಾರ್ ಮಾಡ್ತಾರೆ? ನಂಗೇನ್ ಬತ್ತದೆ?"

ಮಧುಶ್ರೀ ಜೀಪು ಹತ್ತಿದಳು. ಕವಲಂದೆ ದಾಟಿದ ಮೇಲೆ ಅವಳಿಗೇ ತಡೆಯಲಾಗಲಿಲ್ಲ.

"ಯಾಕಮ್ಮ ಮದುವೆ ಮಾಡಿಸೋಕೆ ಹೋದ್ರಿ? ಅವಳನ್ನ ಆಸ್ಪತ್ರೆಗೆ ತೋರಿಸಿ, ಏಳೆಂಟು ತಿಂಗಳು ತಡೆದಿದ್ರೆ ಆಗ್ತಿರಲಿಲ್ವಾ?"

ವೆಂಕಟಮ್ಮ ಹೊರಗೆ ನೋಡುತ್ತ ಕೂತಿದ್ದಳು. "ನಂಗೆ ಹದ್ನೈದ್ಕೆ ಮದ್ವೆ ಆಯ್ತು ಮೇಡಂ. ನಮ್ಮೂರ್ ಬೀಟ್ ಪೊಲೀಸ್ನೋರೂ ಬಂದ್ ಉಂಡ್ಕಂಡ್ ಓಗಿದ್ರು. ಗಂಡ್ ಯಾರು ಅಂತ ನಂಗೆ ಅಸೆಮಣೆ ಮ್ಯಾಲೇ ಗೊತ್ತಾಗಿದ್ದು. ಯಾರೂ ನನ್ ಕೇಳ್ನಿಲ್ಲ. ಇವ್ಳು ನನ್ ತಾವ್ ಬಂದು, ಅವ್ವಾ ಇವ್ನೇ ಬೇಕು ಅಂದ್ಲು. ನಮ್ ವಂಶ್ದಲ್ಲಿ ಒಂದ್ ಎಣ್ಣು ಬೇಕು ಅಂತ ಬಾಯ್ ಬುಟ್ಟು ಏಳಿದ್ದ ನಾನ್ ಕಂಡಿರ್ನಿಲ್ಲ. ಇನ್ನೊಸಿ ದಿನ ಕಾಯಿ ಅಂತ ಏಳ್ಬೇಕಿತ್ತು. ಗೊತ್ತಾಗ್ನಿಲ್ಲ. ಕುಸಿ ಆಗೋಯ್ತು ನಂಗೆ."

ಜೀಪು ಓಡಿಸುತ್ತಿದ್ದ ಚೆಲುವಯ್ಯ ವೇಗ ಸ್ವಲ್ಪ ತಗ್ಗಿಸಿದ.

"ಯಾವಾಗ್ ಬುಡ್ತಾರೆ ಮೇಡಂ? ದೀಪಾವಳಿ ಒತ್ಗೆ ಅವ್ಳಿಗೆ ದಿನ ತುಂಬ್ತದೆ."

"ಅಷ್ಟರೊಳಗೆ ಬೇಲ್ ಸಿಗುತ್ತೆ."

"ಸಿಕ್ರೆ ಅವ್ಳ ತಾವ್ಕೆ ಬುಡ್ತಾರಾ?"

ಸುಳ್ಳು ಹೇಳಬಹುದಿತ್ತು. ಆದರೆ ಜಾಮೀನಿನ ಷರತ್ತು ಏನಿರುತ್ತದೆಂದು ಮಧುಶ್ರೀಗೆ ಚೆನ್ನಾಗಿ ಗೊತ್ತಿತ್ತು. ಆರೋಪಿಯು ಸಂತ್ರಸ್ತೆಯನ್ನು ಭೇಟಿಯಾಗಕೂಡದು, ಮಾತಾಡಿಸಕೂಡದು. ಈ ಕೇಸಿನ ಸಂತ್ರಸ್ತೆಯೂ ವಾಣಿ, ಮೊದಲ ಸಾಕ್ಷಿಯೂ ವಾಣಿ.

"ಬಿಡಲ್ಲಮ್ಮ. ಕೇಸ್ ಮುಗಿಯೋ ತನಕ ನೀವು ಅವಳನ್ನ ನೋಡೋ ಹಾಗಿಲ್ಲ."

ವೆಂಕಟಮ್ಮ ಅಳುತ್ತಾಳೆಂದು ಮಹದೇವಮ್ಮ ಹೆಗಲ ಮೇಲೆ ಕೈ ಇಟ್ಟಳು. ಅವಳು ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಮಧುಶ್ರೀಯ ಕಡೆ ತಿರುಗಿ ಕೂತಳು.

"ಅಂಗಾದ್ರೆ ನೀವೇ ಕೇಳ್ಕಳಿ. ಅವ್ಳಿಗೆ ಬರೀ ಒಟ್ಟೇಲಿ ಹಾಲ್ ಕೊಟ್ರೆ ವಾಂತಿ ಆಯ್ತದೆ, ರಾಗಿ ಗಂಜಿ ಕೊಡಿಸಿ. ಕೂಸು ಉಟ್ದ್ ಮ್ಯಾಲೆ ಕಿವಿಗ್ ಅತ್ತಿ ಇಡ್ಕೊ ಅನ್ನಿ, ಎಷ್ಟ್ ಏಳಿದ್ರೂ ಮರ್ತೋಯ್ತಾಳೆ. ನೋವ್ ಬಂದಾಗ ಕೈ ಇಡ್ಕಳೋಕೆ ಒಬ್ರು ಬೇಕು. ಚಿಕ್ಕೋಳಿಂದ ಅಂಗೇಯ, ಜ್ವರ ಬಂದ್ರೂ ಕೈ ಇಡ್ಕಬೇಕು..."

ನಂಜನಗೂಡಿನ ನ್ಯಾಯಾಲಯದ ಗೇಟು ಬರುವ ತನಕ ಅವಳು ಹೇಳುತ್ತಲೇ ಇದ್ದಳು. ಮಧುಶ್ರೀ ನಡುನಡುವೆ ಹೂಂ ಎನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡಳು.