ಅರಸನ ದವಡೆಯಲ್ಲಿ ಹುಳುಕಾಸುರ

ಬಹಳ ಹಿಂದೆ, ಹಕ್ಕಿಗಳೂ ಬಾಗಿಲುಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಸವಿನುಡಿ ಎಂಬ ರಾಜ್ಯವಿತ್ತು. ಅದರ ಕೋಟೆಗೆ ಒಂದೇ ಬಾಗಿಲು. ಬೀಗವಿಲ್ಲ, ಕೀಲಿಯಿಲ್ಲ. ಬೆಳಗ್ಗೆ ಅರಸ ಬಂದು "ತೆರೆ ಬಾಗಿಲೇ" ಅಂದರೆ ತೆರೆಯುತ್ತಿತ್ತು, ಜನ ಹೊಲಕ್ಕೆ ಹೋದ ಮೇಲೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಸಂಜೆ ಅರಸ ಮತ್ತೆ ಕೂಗಿದರೆ ಅವರನ್ನು ಒಳಗೆ ಬಿಡುತ್ತಿತ್ತು. ಬೇರೆ ಯಾರು ಗಂಟಲು ಹರಿದುಕೊಂಡರೂ ಅದು ಅಲುಗುತ್ತಿರಲಿಲ್ಲ. ಕತ್ತಲಾದರೆ ಹೊರಗೆ ಬೆಂಕಿಗಣ್ಣಿನ ಹುಲಿಗಳು ತಿರುಗುತ್ತಿದ್ದವು.

ಬಾಗಿಲಿಗೆ ಸಿಹಿ ಮಾತೇ ಬೇಕು ಎಂದು ಯಾವನೋ ಹಳೆಯ ಅರಸ ನಂಬಿದ್ದ. ಅಂದಿನಿಂದ ಆ ವಂಶದ ಅರಸರು ಕೆನ್ನೆಯೊಳಗೆ ಸದಾ ಒಂದು ಕಲ್ಲುಸಕ್ಕರೆ ಇಟ್ಟುಕೊಳ್ಳುವುದು ಪದ್ಧತಿಯಾಯಿತು. ಈಗಿನ ಅರಸ ಮಾಧುರ್ಯವರ್ಮನಂತೂ ಚಿನ್ನದ ಸಕ್ಕರೆ ಡಬ್ಬಿಯನ್ನು ಸೊಂಟಕ್ಕೇ ಕಟ್ಟಿಕೊಂಡಿದ್ದ. ನಿದ್ದೆಯಲ್ಲೂ ಚೀಪುತ್ತಿದ್ದ.

ಅವನಿಗೊಬ್ಬಳೇ ಮಗಳು, ಹೈಮವತಿ. ಒಳ್ಳೆಯ ಹುಡುಗಿ. ಆದರೆ ಅಪ್ಪನಿಂದಾಗಿ ಅವಳಿಗೆ ಸಾಕುಸಾಕಾಗಿ ಹೋಗಿತ್ತು.

ತಣ್ಣೀರು ಕುಡಿದಾಗ ಅಪ್ಪ "ಸ್ಸ್" ಅಂದದ್ದನ್ನು ಮೊದಲು ಕಂಡವಳು ಅವಳೇ. ಬಲಗಡೆಯಲ್ಲಿ ಮಾತ್ರ ಅಗಿಯುವುದನ್ನೂ ಕಂಡಳು. ಅವನು ಆಕಳಿಸಿದಾಗ ಎಡ ದವಡೆಯ ಹಲ್ಲಿನ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ ಕಂಡಿತು.

"ಅಪ್ಪಾಜಿ, ಹಲ್ಲು ತೋರಿಸ್ಕೊಳ್ಳಿ. ಈಗಲಾದ್ರೆ ಚಿಕ್ಕದರಲ್ಲೇ ಮುಗಿಯುತ್ತೆ."

"ಏನಿಲ್ಲ ಮಗಳೇ. ಎಳ್ಳು ಸಿಕ್ಕಿಕೊಂಡಿರಬೇಕು."

ಅದು ಎಳ್ಳಲ್ಲ. ಅಲ್ಲಿ ಹುಳುಕಾಸುರನೆಂಬ ಮಾಯಾವಿ ಬಾಡಿಗೆಯಿಲ್ಲದೆ ಮನೆ ಕಟ್ಟಿಕೊಂಡಿದ್ದ.

ಮೊದಲ ಸಲ ನೋವು ಬಂದಾಗ ಅರಸ ಅರಮನೆ ಅದುರುವಂತೆ ಕಿರುಚಿದ. ರಾಜವೈದ್ಯರು ಓಡಿ ಬಂದು ಹತ್ತಿಯಲ್ಲಿ ಲವಂಗದೆಣ್ಣೆ ಅದ್ದಿ ಇಟ್ಟರು. ನೋವು ನಿಂತಿತು.

"ಮಹಾಪ್ರಭು, ಇದು ಉರಿ ತಣಿಸುತ್ತೆ, ಅಷ್ಟೇ. ಬಾಯಿ ತೆರೆದರೆ ಒಳಗೆ ನೋಡ್ತೇನೆ," ಎಂದರು ವೈದ್ಯರು.

"ನೋವೇ ಇಲ್ಲವಲ್ಲ, ಇನ್ನೇನು ನೋಡೋದು?" ಎಂದು ಅರಸ ಡಬ್ಬಿಗೆ ಕೈ ಹಾಕಿದ. ಹುಳುಕಾಸುರ ನಕ್ಕು ಇನ್ನೊಂದು ಕೋಣೆ ತೋಡಿಕೊಂಡ.

ಎರಡನೆಯ ಸಲ ನೋವು ಬಂದಾಗ ಅರಸ ವೈದ್ಯರನ್ನು ಬಿಟ್ಟು ಧೂಮ್ರಾಕ್ಷನೆಂಬ ಮಂತ್ರವಾದಿಯನ್ನು ಕರೆಸಿದ. ಅವನು ಹೊಗೆ ಹಾಕಿ, ಕಣ್ಣು ಕೆಂಪಗೆ ಮಾಡಿ, ಕೈ ಕೊಡವಿದ. ತಟ್ಟೆಯ ನೀರಿನಲ್ಲಿ ಒಂದು ಹುಳ ಬಿದ್ದು ಒದ್ದಾಡಿತು. ಸಭೆಯೆಲ್ಲ ಜಯಕಾರ ಹಾಕಿತು.

ಹೈಮವತಿ ಬಗ್ಗಿ ನೋಡಿದಳು. "ಅಪ್ಪಾಜಿ, ಇದು ಅವರೆಕಾಯಿ ಹುಳ! ಇವನ ಅಂಗಿಯ ತೋಳಿನಿಂದ ಬಿದ್ದದ್ದನ್ನು ನಾನೇ ನೋಡಿದೆ!"

"ದೊಡ್ಡವರಿಗೆ ಹಾಗೆಲ್ಲ ಅನ್ನಬಾರದು ಕಂದಾ. ನೋಡು, ನೋವು ಎಷ್ಟೋ ಕಡಿಮೆಯಾಯ್ತು." ಅರಸ ಮಂತ್ರವಾದಿಗೆ ಶಾಲು ಹೊದಿಸಿ, ಆ ಖುಷಿಗೆ ಎರಡೆರಡು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡ. ಇಂಥವರಿಗೆ ಏನು ಹೇಳುತ್ತೀರಿ? ಹೈಮವತಿ ತಲೆ ಚಚ್ಚಿಕೊಂಡು ಒಳಗೆ ಹೋದಳು.

ಮೂರನೆಯ ಸಲ ನೋವು ರಾಗಿ ಕೊಯ್ಲಿನ ದಿನ ಬಂತು. ಅಂದು ಬೆಳಗ್ಗೆ ಬಾಗಿಲು ಹೇಗೋ ತೆರೆದಿತ್ತು. ಹೆಂಗಸರೆಲ್ಲ ಎಳೆಕೂಸುಗಳನ್ನು ಅಜ್ಜಿಯರ ಮಡಿಲಿಗೆ ಹಾಕಿ ಹೊಲಕ್ಕೆ ಹೋಗಿದ್ದರು. ಸಂಜೆಯ ಹೊತ್ತಿಗೆ ಅರಸನ ಕೆನ್ನೆ ಬೂದುಗುಂಬಳದಂತೆ ಊದಿತು. ಕೂಗಲು ಹೋದರೆ "ಮ್ಮ್" ಎಂಬ ನರಳಿಕೆ ಬಿಟ್ಟು ಏನೂ ಹೊರಡಲಿಲ್ಲ. ಬಾಗಿಲು ಕದಲಲಿಲ್ಲ.

ಹೊರಗಿನಿಂದ ತಾಯಂದಿರು ಬಾಗಿಲು ಬಡಿಯುತ್ತಿದ್ದರು. ಒಳಗೆ ಕೂಸುಗಳು ಹಾಲಿಗಾಗಿ ಚೀರುತ್ತಿದ್ದವು. ಸೂರ್ಯ ಇಳಿಯುತ್ತಿದ್ದ. ದೂರದಲ್ಲಿ ಒಂದು ಹುಲಿ ಆಗಲೇ ಗುಟುರು ಹಾಕಿತು.

ಹೈಮವತಿ ಕೋಟೆಯೊಳಗಿನ ಕೊಳಕ್ಕೆ ಓಡಿದಳು. ಅಲ್ಲಿ ಒಂದು ಮುದಿ ಮೊಸಳೆ ಬಾಯಿ ತೆರೆದು ಮಲಗಿತ್ತು. ಅದರ ಹಲ್ಲುಗಳನ್ನು ಉದ್ದ ಕೊಕ್ಕಿನ ಚೊಕ್ಕಿ ಎಂಬ ಹಕ್ಕಿ ಚೊಕ್ಕಟ ಮಾಡುತ್ತಿತ್ತು. ನೂರು ವರ್ಷದ ಮೊಸಳೆಗೆ ಒಂದು ಹಲ್ಲೂ ಹುಳುಕಿರಲಿಲ್ಲ.

"ಅಯ್ಯೋ, ಈಗ ಬಂದೆಯಾ?" ಎಂದು ಚೊಕ್ಕಿ ಸಿಡುಕಿತು. "ಚುಕ್ಕೆಯಾಗಿದ್ದಾಗ ಯಾರೂ ಬರೋದಿಲ್ಲ, ಗುಹೆಯಾದ ಮೇಲೆ ಓಡಿ ಬರ್ತೀರಿ!"

"ನನ್ನನ್ನು ಬೈಬೇಡ. ಆರು ತಿಂಗಳಿಂದ ಬಾಯಿ ಬಡ್ಕೊಂಡಿದ್ದೀನಿ," ಎಂದಳು ಹೈಮವತಿ. ಅವಳ ಮುಖ ನೋಡಿ ಹಕ್ಕಿ ತೆಪ್ಪಗೆ ಹೆಗಲೇರಿತು.

ಅರಸ ಹಕ್ಕಿಯ ಕೊಕ್ಕು ಕಂಡದ್ದೇ ಸಿಂಹಾಸನದ ಹಿಂದೆ ಅವಿತುಕೊಂಡ. ಯುದ್ಧದಲ್ಲಿ ಆನೆಗೆ ಎದುರು ನಿಂತವನು ಇವನೇ! ಹೈಮವತಿ ಅವನ ಕೈ ಹಿಡಿದು ಕಿಟಕಿಗೆ ಎಳೆದು ತಂದಳು. "ಕೇಳಿಸ್ತಿದೆಯಾ ಅಪ್ಪಾಜಿ? ಅದು ನಿಮ್ಮ ನೋವಲ್ಲ, ಆ ಕೂಸುಗಳ ಅಳು." ಅರಸ ಕಣ್ಣೀರಿಡುತ್ತಾ ಬೆರಳಿನಿಂದ ದವಡೆ ಹಿಗ್ಗಿಸಿ ಬಾಯಿ ತೆರೆದ.

ಹಲ್ಲಿನ ಗುಳಿಯಲ್ಲಿ ಹುಳುಕಾಸುರ ಸಕ್ಕರೆಯ ಗದ್ದುಗೆಯ ಮೇಲೆ ಕೂತಿದ್ದ. ಹಕ್ಕಿ ಕುಕ್ಕಿತು. ಅವನು ಸತ್ತು ಮತ್ತೆ ಎದ್ದ. ಮತ್ತೆ ಕುಕ್ಕಿತು, ಮತ್ತೆ ಎದ್ದ.

"ನನ್ನ ಪ್ರಾಣ ನನ್ನೊಳಗಿಲ್ಲ!" ಎಂದು ಅವನು ಗಹಗಹಿಸಿದ. "ಅದನ್ನು ಹುಡುಕೋಕೆ ನಿಮ್ಮಿಂದ ಆಗೋದಿಲ್ಲ!"

ಮಂತ್ರಿಗಳು ಏಳು ಸಮುದ್ರದಾಚೆಗೆ ಹಡಗು ಕಳಿಸುವ ಮಾತಾಡತೊಡಗಿದರು.

"ಹಡಗು ಯಾಕೆ?" ಹೈಮವತಿ ಕೂಗಿದಳು. "ಅವನ ಪ್ರಾಣ ಇವರ ಸೊಂಟದಲ್ಲೇ ಇದೆ! ಆ ಡಬ್ಬಿಯಿಂದ ದಿನಾ ಅವನಿಗೆ ಊಟ ಹೋಗ್ತಿದೆ!"

ಅರಸ ಡಬ್ಬಿಯನ್ನು ಎರಡೂ ಕೈಯಿಂದ ಅವುಚಿಕೊಂಡ. ತಾತ, ಮುತ್ತಾತ, ಎಲ್ಲರೂ ಕಟ್ಟಿಕೊಂಡಿದ್ದ ಡಬ್ಬಿ. ಸಿಹಿಯಿಲ್ಲದ ಮಾತಿಗೆ ಬಾಗಿಲು ತೆರೆಯದೇ ಹೋದರೆ? ಇನ್ನೊಂದು ಹುಲಿ ಗುಟುರು ಹಾಕಿತು, ಈ ಸಲ ಹತ್ತಿರದಲ್ಲಿ. ಅರಸ ಡಬ್ಬಿಯನ್ನು ಬಿಚ್ಚಿ, ಕಣ್ಣು ಮುಚ್ಚಿ, ಕಿಟಕಿಯ ಕೆಳಗಿನ ಕೊಳಕ್ಕೆ ಎಸೆದ.

"ನನಗಂತೂ ಬೇಡ," ಎಂದಿತು ಮೊಸಳೆ, ಬಾಯಿ ಮುಚ್ಚಿಕೊಂಡು. ಸಕ್ಕರೆ ನೀರಲ್ಲಿ ಕರಗಿತು. ಅದರ ಜೊತೆಗೇ ಹುಳುಕಾಸುರನೂ ಕರಗಿ ಹೋದ.

ಚೊಕ್ಕಿ ಕೀವು ಹರಿಸಿ, ಕೊಳೆತದ್ದನ್ನೆಲ್ಲ ಕೆರೆದು ತೆಗೆಯಿತು. ವೈದ್ಯರು ಅರಸನಿಗೆ ಉಪ್ಪುನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದರು, ಗುಳಿಗೆ ಚಿನ್ನದ ತಗಡು ತುಂಬಿ ಮುಚ್ಚಿದರು. ಊತ ಇಳಿಯಿತು. ಸೂರ್ಯನ ಒಂದು ಚೂರು ಮಾತ್ರ ಉಳಿದಿತ್ತು.

ಅರಸ ಬಾಗಿಲಿನ ಮುಂದೆ ನಿಂತ. ಬಾಯಲ್ಲಿ ಸಿಹಿಯಿಲ್ಲ, ಬರೀ ಉಪ್ಪು. ಆದರೂ ಗಟ್ಟಿಯಾಗಿ ಕೂಗಿದ. "ತೆರೆ ಬಾಗಿಲೇ!"

ಬಾಗಿಲು ದಡಾರನೆ ತೆರೆಯಿತು. ತಾಯಂದಿರು ಒಳಗೆ ನುಗ್ಗಿ ಕೂಸುಗಳನ್ನು ಎದೆಗೆ ಅಪ್ಪಿಕೊಂಡರು. ಕೊನೆಯವಳ ಹಿಂದೆ ಬಾಗಿಲು ಮುಚ್ಚಿದ್ದೇ ತಡ, ಹುಲಿ ಬಂದು ಅದಕ್ಕೆ ಮೂತಿ ಜಜ್ಜಿಕೊಂಡಿತು.

ಆಗ ಬಾಗಿಲು ನಿಟ್ಟುಸಿರು ಬಿಟ್ಟಿತು. "ಅಬ್ಬಾ! ಅಂತೂ ಒಬ್ಬ ಅರಸ ಬಾಯಿ ಖಾಲಿ ಮಾಡಿಕೊಂಡು ಮಾತಾಡಿದ. ಏಳು ತಲೆಮಾರಿನಿಂದ ನೀವು ಸಕ್ಕರೆ ಚೀಪುತ್ತಾ ಏನು ಹೇಳ್ತೀರೋ ತಿಳಿಯದೆ, ಬರೀ ಅಂದಾಜಿನ ಮೇಲೆ ತೆರೀತಿದ್ದೆ."

ಹೈಮವತಿ ಅಪ್ಪನ ಮುಖ ನೋಡಿದಳು. ಅರಸ ನೆಲ ನೋಡಿದ. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಂದಿನಿಂದ ಸವಿನುಡಿಯಲ್ಲಿ ಸಿಹಿಯನ್ನು ಊಟದ ಜೊತೆ ತಿಂದು ಬಾಯಿ ಮುಕ್ಕಳಿಸುವುದು, ಬೆಳಗ್ಗೆಯೂ ಮಲಗುವ ಮುಂಚೆಯೂ ಹಲ್ಲುಜ್ಜುವುದು ಹೊಸ ಪದ್ಧತಿಯಾಯಿತು. ವರ್ಷಕ್ಕೆರಡು ಸಲ ಚೊಕ್ಕಿ ಎಲ್ಲರ ಬಾಯಿ ನೋಡುತ್ತಿತ್ತು. ಅದರಲ್ಲೊಂದು ಸಲ ಸಂಕ್ರಾಂತಿಯ ಮರುದಿನ, ಬೇಕೆಂದೇ. ಅರಸ ಸಕ್ಕರೆ ಅಚ್ಚು ಕೈಯಲ್ಲಿ ಹಿಡಿದಿರುವಾಗ ಮಗಳು ಎದುರು ಬಂದರೆ, ಅವಳು ಬಾಯಿ ತೆರೆಯುವ ಮುಂಚೆಯೇ "ತೊಳ್ಕೋತೀನಮ್ಮಾ, ತೊಳ್ಕೋತೀನಿ!" ಅನ್ನುತ್ತಿದ್ದ.

ಹೀಗೆ ಅವರೆಲ್ಲ ಗಟ್ಟಿ ಹಲ್ಲಿನಿಂದ ಚಕ್ಕುಲಿ ಕಡಿಯುತ್ತಾ ಸುಖವಾಗಿದ್ದರು. ಕತೆ ಕೇಳಿದವರು ಬಾಯಲ್ಲಿರುವುದನ್ನು ನುಂಗಿ, ಎದ್ದು, ಹಲ್ಲುಜ್ಜಿ ಮಲಗಿ. ಮತ್ತೆ ಮತ್ತೆ ಹೇಳಿಸಬೇಡಿ.